ಇಬ್ಬರೂ ವರ್ಷನ್ 1 ಅಂದರು: ಒಂದು ಸ್ಟೋರೇಜ್ ಪ್ರೋಟೊಕಾಲ್‌ಗೆ ಸಂಖ್ಯೆ ಆರಿಸಿದ ಪ್ರಕರಣ

ಹಿನ್ನೆಲೆ

ಇದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಡೆದದ್ದು. ಯಾರ ಹೆಸರನ್ನೂ ಹಾಕಿಲ್ಲ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಇದರಲ್ಲಿ ಇದ್ದವರು ಮೂರು ಕಡೆಯವರು. ಹಾಸನದಲ್ಲಿ ಸ್ಟೋರೇಜ್ ಪೆಟ್ಟಿಗೆ (ಕಂಪ್ಯೂಟರ್ ಫೈಲುಗಳನ್ನು ಇಡುವ ಸಾಧನ) ಮತ್ತು ತೂಕದ ಯಂತ್ರ ಮಾಡುವ ಸಣ್ಣ ಕಂಪನಿ. ಇವರನ್ನು ಪೆಟ್ಟಿಗೆಯವರು ಅನ್ನೋಣ. ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಬೀಜ ವಿಂಗಡಿಸುವ ಸಾರ್ಟರ್‌ಗಳಿಗೆ ಕಂಟ್ರೋಲರ್ ಮಾಡುವ ಇನ್ನೊಂದು ಕಂಪನಿ, ಇವರು ಯಂತ್ರದವರು. ಇಬ್ಬರ ಸಾಧನಗಳೂ ಮಾತಾಡಿಕೊಳ್ಳಲು ಬೇಕಾದ ಪ್ರೋಟೊಕಾಲ್‌ಗೆ, ಅಂದರೆ ಮಾತುಕತೆಯ ನಿಯಮಗಳಿಗೆ, ನಡುವೆ ಕೂತು ಸ್ಟ್ಯಾಂಡರ್ಡ್‌ನ ದಾಖಲೆ ಬರೆದವರು ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಕರಡು ಓದಿ ತಿದ್ದಲು ನಾನು ಜೊತೆಗಿದ್ದೆ.

ಕ್ಯೂರಿಂಗ್ ವರ್ಕ್ಸ್‌ನ ಕೆಲಸ ಮಲೆನಾಡಿನವರಿಗೆ ಗೊತ್ತಿರುವುದೇ. ಎಸ್ಟೇಟಿನಿಂದ ಒಣಗಿದ ಪಾರ್ಚ್‌ಮೆಂಟ್ (ತೆಳು ಹೊಟ್ಟಿರುವ ಬೀಜ), ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲಗಳು ಬರುತ್ತವೆ. ಸಿಪ್ಪೆ ತೆಗೆದು, ಗಾತ್ರ, ಆಕಾರದ ಪ್ರಕಾರ ಎಎ, ಎ, ಬಿ, ಪೀಬೆರಿ (ಹಣ್ಣಿನಲ್ಲಿ ಒಂದೇ ಇರುವ ದುಂಡು ಬೀಜ) ಅಂತ ಬೇರೆ ಮಾಡುತ್ತಾರೆ. ಕೊನೆಗೆ ಪ್ರತಿ ಲಾಟ್‌ಗೂ ಒಂದು ಔಟ್‌ಟರ್ನ್ ಲೆಕ್ಕ, ಅಂದರೆ ಯಾವ ದರ್ಜೆ ಎಷ್ಟು ತೂಕ ಬಂತು ಅಂತ. ಬೆಳೆಗಾರನ ಕೈಗೆ ಎಷ್ಟು ದುಡ್ಡು ಬರುತ್ತೆ ಅನ್ನೋದು ಆ ಕಾಗದದ ಮೇಲೆ ನಿಂತಿರುತ್ತೆ.

ಈ ವರ್ಕ್ಸ್‌ನಲ್ಲಿ ಔಟ್‌ಟರ್ನ್ ಲೆಕ್ಕ ಕಂಪ್ಯೂಟರಿಗೆ ಬಂದಿತ್ತು. ಒಂದೊಂದು ಲಾಟ್‌ಗೆ ಒಂದೊಂದು ಫೈಲ್. ತೂಕದ ಯಂತ್ರ, ತೇವಾಂಶದ ಮೀಟರ್, ಸಾರ್ಟರ್ ಎಲ್ಲವೂ ನೆಟ್‌ವರ್ಕ್ ಮೂಲಕ ಅದೇ ಫೈಲಿಗೆ ಬರೆಯಬೇಕು. ಹಾಗಿದ್ದರೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ಈಗಾಗಲೇ ಇರುವ ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಸಾಕಿತ್ತಲ್ವಾ, ಹೊಸ ಪ್ರೋಟೊಕಾಲ್ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಕಂಟ್ರೋಲರ್‌ಗಳಲ್ಲಿ ಮೆಮೊರಿ ಕಮ್ಮಿ, ಒಳಗೆ ಪೂರ್ತಿ ಆಪರೇಟಿಂಗ್ ಸಿಸ್ಟಂ ಇಲ್ಲ, ಎಸ್ಟೇಟ್ ಕಡೆ ಲೈನ್ ಪದೇಪದೇ ಕಡಿದುಹೋಗುತ್ತೆ ಅನ್ನೋದು ಅವರ ಉತ್ತರ. ನನಗೆ ಅರ್ಧ ಮಾತ್ರ ಒಪ್ಪಿಗೆಯಾಯಿತು. ಆದರೆ ಆ ಜಗಳ ಇಲ್ಲಿ ಬೇಡ.

ಅವರು ಮಾಡಿಕೊಂಡದ್ದು ಟಿಸಿಪಿ (ಇಂಟರ್‌ನೆಟ್‌ನ ಸಾಮಾನ್ಯ ಸಂಪರ್ಕ ವ್ಯವಸ್ಥೆ) ಮೇಲೆ ಓಡುವ ಚಿಕ್ಕ ಪ್ರೋಟೊಕಾಲ್. ಕನೆಕ್ಷನ್ ಆದ ಕೂಡಲೇ ಯಂತ್ರ ಒಂದು ಹಲೋ ಕಳಿಸುತ್ತೆ. ಅದರಲ್ಲಿ ತನಗೆ ಗೊತ್ತಿರುವ ಅತಿ ಚಿಕ್ಕ ವರ್ಷನ್, ಅತಿ ದೊಡ್ಡ ವರ್ಷನ್, ಎರಡೂ ಇರುತ್ತವೆ. ಪೆಟ್ಟಿಗೆ ಅದರಲ್ಲಿ ಒಂದನ್ನು ಆರಿಸಿ ಉತ್ತರಿಸುತ್ತೆ. ನೆಟ್‌ವರ್ಕ್ ಮೂಲಕ ಡಿಸ್ಕ್ ಬಳಸುವ ಐ-ಸ್ಕಸಿ ಪ್ರೋಟೊಕಾಲ್‌ನ ಲಾಗಿನ್‌ನಲ್ಲಿ ಇದೇ ತರಹ ಎರಡು ಸಂಖ್ಯೆ ಹೋಗುತ್ತವೆ. ಮೇಷ್ಟ್ರು ಅಲ್ಲಿಂದಲೇ ತೆಗೆದುಕೊಂಡಿದ್ದರು. ಆಮೇಲೆ ಫೈಲಿನ ಮೇಲೆ ಲಾಕ್, ಅಂದರೆ ಸದ್ಯಕ್ಕೆ ತಾನೊಬ್ಬನೇ ಬರೆಯುವ ಹಕ್ಕು, ಕೇಳಬೇಕು. ಲಾಕ್‌ಗೆ ಒಂದು ಅವಧಿ ಇರುತ್ತೆ. ಅವಧಿ ಮುಗಿದರೆ ಪೆಟ್ಟಿಗೆ ಆ ಲಾಕನ್ನು ಬೇರೆಯವರಿಗೆ ಕೊಡಬಹುದು.

ಸಮಸ್ಯೆ

ಸೀಸನ್ ಜೋರಾಗಿದ್ದಾಗ ವರ್ಕ್ಸ್‌ನ ಮ್ಯಾನೇಜರ್ ಒಂದು ಔಟ್‌ಟರ್ನ್ ಕಾಗದ ಹಿಡಿದು ಬಂದರು. ಯಾವುದೇ ಲಾಟ್‌ನಲ್ಲಿ ಪೀಬೆರಿ ಬರೋದೇ ಸ್ವಲ್ಪ. ಆ ಕಾಗದದಲ್ಲಿ ಪೀಬೆರಿಯ ತೂಕ ಇಡೀ ಲಾಟ್‌ನ ತೂಕಕ್ಕಿಂತ ಜಾಸ್ತಿ ಇತ್ತು. "ಇದನ್ನ ಪ್ಲಾಂಟರ್ ನೋಡಿದ್ರೆ ಖುಷಿಪಡ್ತಾರೆ, ನಾನು ಮನೆಗೆ ಹೋಗಬೇಕಾಗುತ್ತೆ" ಅಂದರು.

ಮೊದಲು ಎಲ್ಲರೂ ನೆಟ್‌ವರ್ಕ್ ಮೇಲೆ ಹಾಕಿದರು. ಸ್ವಿಚ್ ಬದಲಾಯಿಸಿದರು, ಯುಪಿಎಸ್ ಬದಲಾಯಿಸಿದರು. ಏನೂ ಆಗಲಿಲ್ಲ. ಕೊನೆಗೆ ಪೆಟ್ಟಿಗೆಯ ಲಾಗ್ ತೆರೆದು ಸಾಲು ಸಾಲಾಗಿ ಓದಿದಾಗ ವಿಷಯ ಗೊತ್ತಾಯಿತು. ಸಾರ್ಟರ್ ಹಲೋ ಅಂದಿತ್ತು: ಚಿಕ್ಕದು 1, ದೊಡ್ಡದು 1. ಪೆಟ್ಟಿಗೆ 1 ಅಂತ ಒಪ್ಪಿತ್ತು. ಸಾರ್ಟರ್ ಲಾಕ್ ಕೇಳಿತ್ತು, ಅವಧಿಯ ಜಾಗದಲ್ಲಿ 30. ಪೆಟ್ಟಿಗೆ ಲಾಕ್ ಕೊಟ್ಟಿತ್ತು. ಅದರ ಮರು ಸಾಲಿನಲ್ಲೇ, ಅದೇ ಸೆಕೆಂಡಿನಲ್ಲೇ, ಲಾಕ್ ಅವಧಿ ಮುಗಿಯಿತು ಅಂತ ಬರೆದುಕೊಂಡಿತ್ತು. ಅದರ ಕೆಳಗಿನ ಸಾಲಿನಲ್ಲಿ ಲಾಕ್ ತೂಕದ ಯಂತ್ರದ ಪಾಲಾಗಿತ್ತು.

ಆಗಿದ್ದು ಇಷ್ಟೇ. ಮೂರನೇ ಕರಡಿನಲ್ಲಿ ಲಾಕ್ ಅವಧಿ ಸೆಕೆಂಡುಗಳಲ್ಲಿತ್ತು. ಕೊನೆಯ ದಾಖಲೆಯಲ್ಲಿ ಅದು ಮಿಲಿಸೆಕೆಂಡ್ ಆಗಿತ್ತು. ಬದಲಾಯಿಸಿದ್ದಕ್ಕೆ ಒಳ್ಳೆಯ ಕಾರಣವೂ ಇತ್ತು: ಬೆಲ್ಟ್ ಮೇಲೆ ತೂಗುವ ಯಂತ್ರಕ್ಕೆ ಒಂದು ಸೆಕೆಂಡ್ ಅಂದರೆ ತುಂಬಾ ಹೊತ್ತು. ಆದರೆ ಕರಡಿನಲ್ಲೂ ವರ್ಷನ್ ಸಂಖ್ಯೆ 1 ಅಂತಿತ್ತು, ಕೊನೆಯದರಲ್ಲೂ 1 ಅಂತಲೇ ಉಳಿಯಿತು. ಯಂತ್ರದವರು ಸೀಸನ್‌ಗೆ ಮುಂಚೆ ಮಾಲು ಕೊಡಬೇಕಿತ್ತು, ಮೂರನೇ ಕರಡನ್ನೇ ಕಂಟ್ರೋಲರ್‌ಗೆ ತುಂಬಿ ಕಳಿಸಿದ್ದರು. ಪೆಟ್ಟಿಗೆಯವರು ಕೊನೆಯ ದಾಖಲೆ ಬರುವ ತನಕ ಕಾದಿದ್ದರು. ಒಂದೇ ಬೋರ್ಡ್ ಹಾಕಿಕೊಂಡ ಎರಡು ಬಸ್ಸು, ಒಂದು ಸಕಲೇಶಪುರಕ್ಕೆ, ಇನ್ನೊಂದು ಅರಸೀಕೆರೆಗೆ. ಹತ್ತಿದವರಿಗೆ ಅನುಮಾನ ಬರೋದಾದರೂ ಹೇಗೆ?

ಸಾರ್ಟರ್‌ಗೆ ತನ್ನ ಲಾಕ್ 30 ಸೆಕೆಂಡ್ ಇದೆ ಅನ್ನೋ ಧೈರ್ಯ. ಪೆಟ್ಟಿಗೆಯ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ಇಬ್ಬರೂ ಫೈಲಿನ ಕೊನೆ ಎಲ್ಲಿದೆ ಅಂತ ನೋಡಿದರು, ಇಬ್ಬರೂ ಅದೇ ಜಾಗದಲ್ಲಿ ಬರೆದರು. ಪೀಬೆರಿಯ ಸಾಲಿನ ಮೇಲೆ ಚೀಲಗಳ ತೂಕದ ಸಾಲು ಕೂತಿತು. ಲಾಕ್ ಇಲ್ಲದವನ ಬರಹವನ್ನು ಪೆಟ್ಟಿಗೆ ತಡೆಯಬೇಕಿತ್ತಲ್ಲ ಅಂತ ಅನ್ನಿಸಬಹುದು. ತಡೆಯಲು ಬೇಕಾದ ಮಾಹಿತಿ ಬರಹದ ಜೊತೆ ಬರುತ್ತಲೇ ಇರಲಿಲ್ಲ. ಲಾಕ್ ಅನ್ನೋದು ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತಿತ್ತು. ಈ ವಿಷಯ ಮುಂದೆ ಮತ್ತೆ ಬರುತ್ತೆ.

ಗಮನಿಸಬೇಕಾದದ್ದು ಏನಂದರೆ, ಎಲ್ಲೂ ಎರರ್ ಬರಲಿಲ್ಲ. ವರ್ಷನ್ ಹೊಂದದಿದ್ದರೆ ಕನೆಕ್ಷನ್ ಬೀಳುತ್ತಿತ್ತು, ಯಾರಾದರೂ ಫೋನ್ ಮಾಡುತ್ತಿದ್ದರು, ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಸಂಖ್ಯೆ ಹೊಂದಿತು ಅನ್ನೋದೇ ಇಲ್ಲಿ ತೊಂದರೆ.

ಮೊದಲ ಮದ್ದು

ಸೀಸನ್ ಮಧ್ಯೆ ಯಂತ್ರ ನಿಲ್ಲಿಸುವಂತಿರಲಿಲ್ಲ. ಪೆಟ್ಟಿಗೆಯವರ ಒಬ್ಬ ಹುಡುಗ ಒಂದು ಉಪಾಯ ಮಾಡಿದ. ಅವಧಿಯ ಜಾಗದಲ್ಲಿ 1000ಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ಅದು ಸೆಕೆಂಡ್, ದೊಡ್ಡದು ಬಂದರೆ ಮಿಲಿಸೆಕೆಂಡ್. ಇಂತಹ ಊಹೆಗಳನ್ನು ನಾನು ಜೀವಮಾನದಲ್ಲಿ ಸಾಕಷ್ಟು ನೋಡಿದ್ದೇನೆ. ಇವು ಮೊದಲ ದಿನ ಕೆಲಸ ಮಾಡುತ್ತವೆ. ಅದೇ ಇವುಗಳ ಕೆಟ್ಟ ಗುಣ.

ಸ್ವಲ್ಪ ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಬೆಲ್ಟ್ ತೂಕದ ಯಂತ್ರವೊಂದು ಬಂತು. ಅದು ದಾಖಲೆಯನ್ನು ಅಕ್ಷರಶಃ ಪಾಲಿಸಿ 500 ಅಂತ ಕೇಳಿತು, ಅಂದರೆ ಅರ್ಧ ಸೆಕೆಂಡ್. ಪೆಟ್ಟಿಗೆ ಅದನ್ನು 500 ಸೆಕೆಂಡ್ ಅಂತ ಓದಿತು. ಕರೆಂಟ್ ಒಂದು ಸಲ ಮಿನುಗಿ ತೂಕದ ಯಂತ್ರ ರೀಸ್ಟಾರ್ಟ್ ಆಯಿತು. ಎದ್ದು ನೋಡಿದರೆ ತನ್ನದೇ ಹಳೇ ಲಾಕ್ ಇನ್ನೂ ಹಿಡಿದು ಕೂತಿದೆ. ಬಿಡುಗಡೆಗೆ ಎಂಟು ನಿಮಿಷ ಚಿಲ್ಲರೆ. ಹೊರಗೆ ಚೀಲ ಹೇರಿಕೊಂಡ ಲಾರಿಗಳು ನಿಂತಿದ್ದವು. ಡ್ರೈವರ್‌ಗಳು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇದು. ಸಂಖ್ಯೆ ಹೇಳಬೇಕಾದ ಮಾತನ್ನು ಊಹೆಯಿಂದ ಹೇಳಿಸಲು ಹೋದರೆ, ನಿಯಮ ಪಾಲಿಸಿದವನಿಗೇ ಪೆಟ್ಟು ಬೀಳುತ್ತೆ. ಊಹೆಯನ್ನು ಕಿತ್ತುಹಾಕಿ, ಆ ಸೀಸನ್ ಮುಗಿಯುವ ತನಕ ಸಾರ್ಟರ್ ಮತ್ತು ತೂಕದ ಯಂತ್ರಗಳಿಗೆ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಲೆಕ್ಕವನ್ನು ಸಂಜೆ ಕೈಯಲ್ಲಿ ಸೇರಿಸುತ್ತಿದ್ದರು.

ಬೇಲೂರಿನ ಮಾತುಕತೆ

ಹಾಸನಕ್ಕೂ ಚಿಕ್ಕಮಗಳೂರಿಗೂ ನಡುವೆ ಬೇಲೂರು ಎಲ್ಲರಿಗೂ ಅನುಕೂಲ, ಅಲ್ಲೇ ಸೇರಿದರು. ಪ್ರಶ್ನೆ ಒಂದೇ: ತಿದ್ದಿದ ಸ್ಟ್ಯಾಂಡರ್ಡ್‌ಗೆ ಯಾವ ಸಂಖ್ಯೆ?

ಪೆಟ್ಟಿಗೆಯವರ ಮಾರಾಟದ ಕಡೆಯವರಿಗೆ 3.0 ಬೇಕಿತ್ತು. 1 ಅಂದರೆ ಗಿರಾಕಿ ಇನ್ನೂ ಹಸಿ ಅಂದುಕೊಳ್ಳುತ್ತಾನೆ ಅನ್ನೋದು ಅವರ ವಾದ. ಇದು ಪೂರ್ತಿ ನಗುವ ಮಾತೇನೂ ಅಲ್ಲ. ಮೈಕ್ರೊಸಾಫ್ಟ್ 2012ರಲ್ಲಿ ವಿಂಡೋಸ್ 8ರ ಜೊತೆ ಬರಬೇಕಿದ್ದ ಎಸ್‌ಎಂಬಿ 2.2ಕ್ಕೆ 3.0 ಅಂತ ಹೆಸರು ಬದಲಾಯಿಸಿತು. ಹೊಸದು ತುಂಬಾ ಇದೆ, 2.2 ಅಂದರೆ ಯಾರೂ ಗಮನಿಸಲ್ಲ ಅನ್ನೋ ಲೆಕ್ಕಾಚಾರ. ಆದರೆ ಅಲ್ಲಿ ಇನ್ನೊಂದು ವಿಷಯ ನೋಡಬೇಕು. ವಿಂಡೋಸ್ 8ರ ಪೂರ್ವಭಾವಿ ಬಿಲ್ಡ್‌ಗಳು ತಂತಿಯ ಮೇಲೆ, ಅಂದರೆ ನೆಟ್‌ವರ್ಕ್‌ನಲ್ಲಿ ಹೋಗುವ ಸಂದೇಶದಲ್ಲಿ, ಬೇರೆಯೇ ಸಂಖ್ಯೆ ಹೇಳುತ್ತಿದ್ದವು, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 0222, ಆಮೇಲೆ 0224. ಬಿಡುಗಡೆಯಾದದ್ದು 0300. ಲಿನಕ್ಸ್‌ನಲ್ಲಿ ಎಸ್‌ಎಂಬಿ ಓಡಿಸುವ ಸಾಂಬಾ ತಂತ್ರಾಂಶದ ಹಳೇ ಕೈಪಿಡಿಗಳಲ್ಲಿ ಈ ಮಧ್ಯದ ಸಂಖ್ಯೆಗಳು ಕಾಣುತ್ತಿದ್ದವು. ಅಂದರೆ ಬೀಟಾದಲ್ಲಿ ಬರೆದ ಕೋಡ್ ಯಾವತ್ತೂ ತಾನು 3.0 ಅಂತ ಸುಳ್ಳು ಹೇಳಲಾರದು. ಮಾರಾಟದವರು ಆ ಕತೆಯಿಂದ 3.0 ಅನ್ನೋದನ್ನು ಮಾತ್ರ ಹಿಡಿದುಕೊಂಡರು. ಮೇಷ್ಟ್ರು 0222 ಅನ್ನೋದನ್ನು ಹಿಡಿದರು.

ಯಂತ್ರದವರಿಗೆ 1.1 ಬೇಕಿತ್ತು. 2 ಅಂದರೆ ಹಳೇ ಮಷಿನ್ ಗುಜರಿಗೆ ಅಂತ ಬೆಳೆಗಾರರು ತಿಳಿಯುತ್ತಾರೆ ಅನ್ನೋದು ಅವರ ಭಯ. ಮೇಷ್ಟ್ರು ಕೇಳಿದರು, "1.1 ಅಂದ್ರೆ 1 ಗೊತ್ತಿರೋನು ಇದನ್ನ ಅರ್ಥ ಮಾಡ್ಕೊಳ್ತಾನೆ ಅಂತ ತಾನೆ? ಅವನು ಸೆಕೆಂಡ್ ಅಂತ ಓದ್ತಾನಲ್ಲ?" ಅದಕ್ಕೆ ಉತ್ತರ ಇರಲಿಲ್ಲ.

ದಾಖಲೆಗೂ ತಂತಿಯ ಸಂಖ್ಯೆಗೂ ಇರುವ ಅಂತರವನ್ನು ಮೇಷ್ಟ್ರು ಎನ್‌ಎಫ್‌ಎಸ್ ಇಟ್ಟುಕೊಂಡು ವಿವರಿಸಿದರು. ಸನ್ ಕಂಪನಿಯ ಒಳಗೇ ಉಳಿದ 1 ಹೊರಗೆ ಬರಲೇ ಇಲ್ಲ. ಜಗತ್ತು ನೋಡಿದ್ದು 2ರಿಂದ. ಅದರ ಆರ್‌ಎಫ್‌ಸಿ (ಇಂಟರ್‌ನೆಟ್ ಪ್ರೋಟೊಕಾಲ್‌ಗಳ ಪ್ರಕಟಿತ ದಾಖಲೆ) 1094 ಬಂದದ್ದು 1989ರಲ್ಲಿ, ಮೂರನೇ ವರ್ಷನ್‌ನ 1813 ಬಂದದ್ದು 1995ರಲ್ಲಿ. ನಾಲ್ಕನೆಯದಕ್ಕೆ 2000ದಲ್ಲಿ 3010, 2003ರಲ್ಲಿ 3530, 2015ರಲ್ಲಿ 7530, ಹೀಗೆ ಮೂರು ದಾಖಲೆ. ತಂತಿಯ ಮೇಲೆ ಮೂರಕ್ಕೂ ಅದೇ 4, ಮೈನರ್ (ಚುಕ್ಕಿಯ ನಂತರದ ಸಂಖ್ಯೆ) 0. ಐ-ಸ್ಕಸಿಯಲ್ಲೂ ಹಾಗೆ. 2004ರ ಆರ್‌ಎಫ್‌ಸಿ 3720ರಲ್ಲಿ ಲಾಗಿನ್ ಸಂಖ್ಯೆ 0 ಇತ್ತು; 2014ರಲ್ಲಿ ಎಲ್ಲವನ್ನೂ ಕ್ರೋಡೀಕರಿಸಿ 7143 ಬಂದಾಗಲೂ 0 ಅನ್ನೇ ಉಳಿಸಿಕೊಂಡರು. ಹತ್ತು ವರ್ಷ ಕಳೆದರೂ ಸೊನ್ನೆ! ಮಾರಾಟದವರ ಮುಖ ನೋಡುವ ಹಾಗಿತ್ತು.

ಇದರಿಂದ ಒಂದು ಒಪ್ಪಂದವಾಯಿತು. ಪೆಟ್ಟಿಗೆಯ ಮೇಲೆ ಏನು ಬೇಕಾದರೂ ಪ್ರಿಂಟ್ ಮಾಡಿಕೊಳ್ಳಿ. ಹಲೋದಲ್ಲಿ ಹೋಗುವುದು ಚುಕ್ಕಿಯಿಲ್ಲದ ಒಂದು ಪೂರ್ಣಾಂಕ, ಎರಡು ಬೈಟ್. ಅದು ಬದಲಾಗುವುದು ಒಂದೇ ಕಾರಣಕ್ಕೆ: ಅದೇ ಬೈಟುಗಳನ್ನು ಹಳಬ ಒಂದು ತರಹ, ಹೊಸಬ ಇನ್ನೊಂದು ತರಹ ಓದುವ ಹಾಗಾದಾಗ.

1 ಯಾರಿಗೆ?

ಇಲ್ಲಿಯವರೆಗೆ ಸುಲಭವಿತ್ತು. ಎರಡು ಅರ್ಥಗಳು 1 ಅನ್ನೋ ಸಂಖ್ಯೆಯನ್ನು ಹಂಚಿಕೊಂಡಿವೆ. ಒಂದನ್ನು ಎಬ್ಬಿಸಬೇಕು. ಯಾವುದನ್ನು?

ಮೇಷ್ಟ್ರಿಗೆ ತಮ್ಮ ಕೊನೆಯ ದಾಖಲೆಗೇ 1 ಸಿಗಬೇಕು ಅಂತಿತ್ತು. ಸಹಜವೇ. ಸ್ಟ್ಯಾಂಡರ್ಡ್ ಅಂತ ಎಲ್ಲರೂ ಸಹಿ ಹಾಕಿದ್ದು ಅದಕ್ಕೆ. ಕರಡು ಅಂದರೆ ಕರಡು. ಅದನ್ನು ತುಂಬಿ ಮಾರಿದ್ದು ಯಂತ್ರದವರ ಅವಸರ. ನ್ಯಾಯ ಯಾರ ಕಡೆ ಇದೆ ಅಂತ ಕೇಳಿದರೆ ಮೇಷ್ಟ್ರ ಕಡೆ.

ಆದರೆ ಯಂತ್ರದವರ ಸರ್ವಿಸ್ ಹುಡುಗಿಯೊಬ್ಬಳು ಒಂದು ಮಾತು ಹೇಳಿದಳು. ಕೊನೆಯ ದಾಖಲೆಯ ಪ್ರಕಾರ ಓಡುತ್ತಿರುವುದು ಪೆಟ್ಟಿಗೆಗಳು ಮತ್ತು ತೂಕದ ಯಂತ್ರಗಳು. ಅವೆಲ್ಲ ವರ್ಕ್ಸ್‌ನಲ್ಲೇ ಇವೆ, ಹಾಸನದಿಂದ ಕೂತಲ್ಲೇ ಅಪ್‌ಡೇಟ್ ಮಾಡಬಹುದು. ಕರಡಿನ ಪ್ರಕಾರ ಓಡುತ್ತಿರುವ ಕಂಟ್ರೋಲರ್‌ಗಳು ಮೂಡಿಗೆರೆ, ಸಕಲೇಶಪುರದ ಕಡೆ ಪಲ್ಪರ್ ಮನೆಗಳಲ್ಲೂ ಇವೆ. ಅವುಗಳ ಮುಚ್ಚಳ ಬಿಚ್ಚಿ ಕೇಬಲ್ ಹಾಕಬೇಕು. ಕೊಯ್ಲಿನ ಹೊತ್ತಿನಲ್ಲಿ ಯಾವ ಎಸ್ಟೇಟಿನವರೂ ಪಲ್ಪರ್ ಮುಟ್ಟಲು ಬಿಡಲ್ಲ, ಮಳೆಗಾಲದಲ್ಲಿ ಅಲ್ಲಿಗೆ ಜೀಪೇ ಹೋಗಲ್ಲ.

ಹಾಗಾಗಿ ತೀರ್ಮಾನ ತಲೆಕೆಳಗಾಯಿತು. ಬದಲಾಯಿಸಲು ಆಗದವರಿಗೆ 1 ಬಿಟ್ಟುಕೊಟ್ಟರು. ಇನ್ನು ಮುಂದೆ 1 ಅಂದರೆ ಮೂರನೇ ಕರಡು, ಸೆಕೆಂಡ್. ಸಹಿಯಾದ ಸ್ಟ್ಯಾಂಡರ್ಡ್ 2 ಆಗುತ್ತೆ. ಮುಖಪುಟದಲ್ಲಿ ಮೊದಲ ಆವೃತ್ತಿ ಅಂತ ಬರೆದ ದಾಖಲೆ ತಂತಿಯ ಮೇಲೆ 2 ಅನ್ನುತ್ತೆ. ಮೇಷ್ಟ್ರಿಗೆ ಇದು ತುಂಬಾ ದಿನ ಚುಚ್ಚಿತು. ಈ ಪ್ರಕರಣದಲ್ಲಿ ಅತ್ಯಂತ ಒಳ್ಳೆಯ ನಿರ್ಧಾರ ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ತಪ್ಪು ಯಾರದ್ದು ಅನ್ನೋದನ್ನು ಪಕ್ಕಕ್ಕಿಟ್ಟು, ಯಾರ ಕೈಗೆ ಏನು ಎಟಕುತ್ತೆ ಅಂತ ನೋಡಿದರು.

ಜೊತೆಗೆ ಕರಡುಗಳಿಗೆ ಬೇರೆ ಕೇರಿ ಮಾಡಿದರು. ಎರಡು ಬೈಟಿನ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಮೇಲಿನ ಬಿಟ್ ಹೊತ್ತಿದ್ದರೆ (1 ಆಗಿದ್ದರೆ) ಅದು ಕರಡು. ಬಿಡುಗಡೆಯಾದ ಪೆಟ್ಟಿಗೆ ಅದನ್ನು ಒಪ್ಪಲ್ಲ. ಇದೂ ಹೊಸ ಬುದ್ಧಿಯೇನಲ್ಲ. ವೆಬ್ ಸಂಪರ್ಕಗಳನ್ನು ಗುಪ್ತವಾಗಿಡುವ, 2018ರಲ್ಲಿ ಬಂದ ಟಿಎಲ್‌ಎಸ್ 1.3ರ ಕರಡುಗಳು ಹೆಕ್ಸ್‌ನಲ್ಲಿ 7ಎಫ್‌ನಿಂದ ಶುರುವಾಗುವ ಸಂಖ್ಯೆ ಬಳಸುತ್ತಿದ್ದವು, ಕೊನೆಯ ಬೈಟಿನಲ್ಲಿ ಕರಡಿನ ಸಂಖ್ಯೆ.

ಏನಾಯಿತು

ಹಳೇ ಯಂತ್ರ, ಹೊಸ ಪೆಟ್ಟಿಗೆ: ತೊಂದರೆಯಿಲ್ಲ. ಯಂತ್ರ 1 ಅನ್ನುತ್ತೆ, ಪೆಟ್ಟಿಗೆ 1 ಅಂತ ಒಪ್ಪಿ ಸೆಕೆಂಡ್ ಲೆಕ್ಕ ಹಿಡಿಯುತ್ತೆ.

ಹೊಸ ಯಂತ್ರ, ಹಳೇ ಪೆಟ್ಟಿಗೆ: ಇಲ್ಲಿ ಮುಗ್ಗರಿಸಿದರು. ಎಸ್ಟೇಟುಗಳಲ್ಲಿ ಕರಡಿನ ಕಾಲದ ಒಂದೆರಡು ಚಿಕ್ಕ ಪೆಟ್ಟಿಗೆಗಳಿದ್ದವು. ಹೊಸ ಯಂತ್ರ "ನನಗೆ 1ರಿಂದ 2ರ ತನಕ ಗೊತ್ತು" ಅಂದರೆ, ನಿಯಮದ ಪ್ರಕಾರ ಹಳೇ ಪೆಟ್ಟಿಗೆ 1 ಅನ್ನಬೇಕು. ಆದರೆ ಅದರ ಕೋಡ್ ದೊಡ್ಡ ಸಂಖ್ಯೆ 1 ಹೌದೋ ಅಲ್ಲವೋ ಅಂತ ಮಾತ್ರ ನೋಡುತ್ತಿತ್ತು. ಅಲ್ಲ ಅಂದರೆ ಮಾತಿಲ್ಲದೆ ಕನೆಕ್ಷನ್ ಕಡಿಯುತ್ತಿತ್ತು. ಆಗ ಜಗತ್ತಿನಲ್ಲಿ ಇದ್ದದ್ದು ಒಂದೇ ವರ್ಷನ್, ಹಾಗಾಗಿ ವ್ಯಾಪ್ತಿಯ ಕೋಡನ್ನು ಯಾರೂ ಓಡಿಸಿ ನೋಡಿರಲಿಲ್ಲ.

ಕಡಿದರೆ 1 ಅಂತ ಮತ್ತೆ ಪ್ರಯತ್ನಿಸೋಣ ಅಂತ ಯಂತ್ರದವರು ಹೇಳಿದರು. ಮೇಷ್ಟ್ರು ಬಿಲ್‌ಕುಲ್ ಬೇಡ ಅಂದರು. ಮಲೆನಾಡಿನಲ್ಲಿ ಲೈನ್ ಕಡಿಯೋದು ದಿನದ ಮಾತು. ಕಡಿದದ್ದು ವರ್ಷನ್ ಗೊತ್ತಿಲ್ಲದ್ದಕ್ಕೋ ಮರದ ಕೊಂಬೆ ಬಿದ್ದದ್ದಕ್ಕೋ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ? ಎಲ್ಲವೂ ಮೆಲ್ಲಗೆ 1ಕ್ಕೆ ಇಳಿದು ಅಲ್ಲೇ ಉಳಿದುಬಿಡುತ್ತವೆ. ಬ್ರೌಸರ್‌ಗಳು ಹೀಗೆ ಕಡಿದಾಗಲೆಲ್ಲ ಹಳೇ ವರ್ಷನ್‌ಗೆ ಇಳಿಯುತ್ತಿದ್ದದ್ದನ್ನೇ 2014ರ ಪೂಡಲ್ ಅನ್ನೋ ಹ್ಯಾಕಿಂಗ್ ದಾಳಿ ಬಳಸಿಕೊಂಡದ್ದು. ಕೊನೆಗೆ, ಹಳೇ ಪೆಟ್ಟಿಗೆ ಇರುವ ಕಡೆ ಮಾತ್ರ ಯಂತ್ರದ ಸೆಟಿಂಗ್‌ನಲ್ಲಿ ಕೈಯಾರೆ 1 ಅಂತ ಬರೆಯುವುದು ಅಂತಾಯಿತು. ಬೇಜಾರಿನ ಕೆಲಸ, ಆದರೆ ಎಲ್ಲಿ ಏನಿದೆ ಅಂತ ಪಟ್ಟಿ ಉಳಿಯಿತು.

ಈ ಅನುಭವದಿಂದ ಒಂದು ಪರೀಕ್ಷೆ ಹುಟ್ಟಿತು. ಯಾವ ಹೊಸ ಯಂತ್ರ ಅಥವಾ ಪೆಟ್ಟಿಗೆ ಬಂದರೂ ಅದಕ್ಕೆ ಇಲ್ಲದ ವರ್ಷನ್ ಹೇಳಿ ನೋಡುವುದು. ಗೊತ್ತಿಲ್ಲದ ಸಂಖ್ಯೆ ಕೇಳಿದರೆ ಅದು ಸಾಯಬಾರದು. ತನಗೆ ಗೊತ್ತಿರುವುದು ಏನು ಅಂತ ಹೇಳಬೇಕು. ಮೊದಲ ಸಲವೇ ಒಂದು ತೂಕದ ಯಂತ್ರ ಸಿಕ್ಕಿಬಿತ್ತು. ಪರೀಕ್ಷಾ ಪೆಟ್ಟಿಗೆ ಬೇಕೆಂದೇ 258 ಅಂತ ಉತ್ತರಿಸಿತು. ಯಂತ್ರ ಖುಷಿಯಿಂದ ಒಪ್ಪಿಕೊಂಡಿತು. ಎರಡು ಬೈಟಿನ ಸಂಖ್ಯೆಯಲ್ಲಿ ಅದು ಕೆಳಗಿನ ಬೈಟ್ ಮಾತ್ರ ಓದುತ್ತಿತ್ತು. 258ರಲ್ಲಿ 256 ತೆಗೆದರೆ 2. ಈ ಪರೀಕ್ಷೆ ಇಲ್ಲದಿದ್ದರೆ ಆ ತಪ್ಪು ಎಷ್ಟೋ ವರ್ಷ ಬೆಚ್ಚಗೆ ಮಲಗಿರುತ್ತಿತ್ತು.

ಮುಂದಿನ ಬದಲಾವಣೆ

ಲಾಕ್ ಇಲ್ಲದವನ ಬರಹ ತಡೆಯುವ ವಿಷಯ ಆಮೇಲೆ ಕೈಗೆತ್ತಿಕೊಂಡರು. ಪ್ರತಿ ಬರಹದ ಜೊತೆ ಲಾಕ್‌ನ ಚೀಟಿಯೂ ಹೋಗಬೇಕು. ದೊಡ್ಡ ಬದಲಾವಣೆ, 3 ಮಾಡೋಣ ಅಂತ ಎಲ್ಲರ ಬಾಯಲ್ಲೂ ಬಂತು, ಮಾರಾಟದವರಿಗಂತೂ ಹಬ್ಬ. ಆದರೆ ಬೇಲೂರಿನ ನಿಯಮ ಹಾಕಿ ನೋಡಿದರೆ ಇದು 3 ಆಗಲ್ಲ. ಚೀಟಿ ಹೊಸ ಜಾಗದಲ್ಲಿ ಹೋಗುತ್ತೆ. ಇದ್ದ ಬೈಟುಗಳ ಅರ್ಥ ಬದಲಾಗಿಲ್ಲ. ಹಲೋದಲ್ಲಿ ಸೌಲಭ್ಯಗಳಿಗೆ ಅಂತ ಒಂದು ಜಾಗ ಮೀಸಲಿತ್ತು, ಅಲ್ಲಿ ಒಂದು ಬಿಟ್ ಕೊಟ್ಟರು. ಇಬ್ಬರೂ ಆ ಬಿಟ್ ಎತ್ತಿದರೆ ಚೀಟಿ ಕಡ್ಡಾಯ.

ಎನ್‌ಎಫ್‌ಎಸ್‌ನವರೂ ಸುತ್ತಿ ಬಳಸಿ ಬಂದದ್ದು ಇಲ್ಲಿಗೇ. 4.1 ಬಂದದ್ದು 2010ರಲ್ಲಿ, 4.2 ಬಂದದ್ದು 2016ರಲ್ಲಿ. ಪ್ರತಿ ಸಣ್ಣ ಸೌಲಭ್ಯವೂ ಮುಂದಿನ ಮೈನರ್ ವರ್ಷನ್‌ಗೆ ಕಾಯುವುದು ಬೇಡ ಅಂತ 2017ರ ಆರ್‌ಎಫ್‌ಸಿ 8178ರಲ್ಲಿ ನಿಯಮ ಸಡಿಲಿಸಿದರು. ಅದೇ ವರ್ಷ ಫೈಲಿಗೆ ಹೆಚ್ಚುವರಿ ಗುಣಗಳನ್ನು ಅಂಟಿಸುವ ಸೌಲಭ್ಯ 8276ರಲ್ಲಿ ಬಂತು, 4.3 ಆಗದೆ 4.2ರ ಮೇಲೆಯೇ.

ಬಿಟ್‌ಗಳ ಬಗ್ಗೆ ನನಗೆ ಒಂದು ತಕರಾರಿದೆ. ಜಾಸ್ತಿಯಾದಷ್ಟೂ ಯಾವ ಯಂತ್ರ ಯಾವುದರ ಜೊತೆ ಹೇಗೆ ಮಾತಾಡುತ್ತೆ ಅನ್ನೋ ಜೋಡಿಗಳು ಬೆಳೆಯುತ್ತಾ ಹೋಗುತ್ತವೆ, ಎಲ್ಲವನ್ನೂ ಪರೀಕ್ಷಿಸಲು ಯಾರಿಗೂ ಪುರುಸೊತ್ತಿಲ್ಲ. ಯಾವತ್ತೋ ಒಂದು ದಿನ ಅವೆಲ್ಲವನ್ನೂ ಕಡ್ಡಾಯ ಮಾಡಿ 3 ಅಂತ ಕರೆಯಬೇಕಾಗುತ್ತೆ. ಮೇಷ್ಟ್ರು ಒಪ್ಪುವುದಿಲ್ಲ. ಐ-ಸ್ಕಸಿಯ ಸೊನ್ನೆ ತೋರಿಸುತ್ತಾರೆ.

ಈಗಿನ ಸ್ಥಿತಿ ಹೀಗಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 3.0 ಅಂತ ಪ್ರಿಂಟ್ ಇದೆ, ಲಾಗ್‌ನಲ್ಲಿ 2 ಅಂತ ಬರುತ್ತೆ, ಯಾರಿಗೂ ತೊಂದರೆಯಾಗಿಲ್ಲ. 1ನ್ನು ಯಾವಾಗ ತೆಗೆಯಬೇಕು ಅನ್ನುವುದಕ್ಕೂ ನಿಯಮವಾಗಿದೆ: ಯಾರಾದರೂ 1 ಅಂತ ಹಲೋ ಹೇಳಿದರೆ ಪೆಟ್ಟಿಗೆ ಅದನ್ನು ಪ್ರತ್ಯೇಕವಾಗಿ ಬರೆದುಕೊಳ್ಳುತ್ತೆ, ನವೆಂಬರ್‌ನಿಂದ ಮಾರ್ಚ್ ತನಕ ಇಡೀ ಸೀಸನ್ ಅಂತಹ ಒಂದು ಸಾಲೂ ಬರದಿದ್ದರೆ 1ರ ಕೋಡ್ ಕಿತ್ತುಹಾಕುವುದು. ಕಳೆದ ಸೀಸನ್‌ನಲ್ಲಿ ಮೂಡಿಗೆರೆ ಕಡೆಯ ಒಂದೇ ಪಲ್ಪರ್ ಮನೆಯಿಂದ ಬಂತು. ಪಲ್ಪಿಂಗ್ ಮುಗಿದ ಮೇಲೆ ಬನ್ನಿ, ಮಳೆ ಹಿಡಿಯುವ ಮುಂಚೆ ಬನ್ನಿ ಅಂದಿದ್ದಾರೆ ಅಲ್ಲಿಯ ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತರು.